ಶಹಂದಾಳ ಅಮ್ಮ ಹೂಂ ಅಂದದ್ದು

ಊರವರ ಗಂಟಲ ಮೇಲೆ ಕತ್ತಿ ಆಡಿಸುವಾಗ ನಡುಗದ ಕ್ಷೌರಿಕ ರುಶ್ದಿ ಹೆಂಡತಿ ಎದುರು ಬಾಯಿ ತೆರೆಯಬೇಕೆಂದರೆ ಬೆವರುತ್ತಿದ್ದ. ಅಂಥವನು ಗುರುವಾರ ಬೆಳಿಗ್ಗೆ ಮಗಳಿಗೆ, "ಅಮ್ಮನ್ನ ಒಪ್ಪಿಸೋದು ನನಗೆ ಬಿಡು" ಎಂದುಬಿಟ್ಟ. ಆ ದಿನ ಕೆಟ್ಟದ್ದು ಅಲ್ಲಿಂದಲೇ.

ಹದಿನೈದರ ಶಹಂದಾಗೆ ಅಲೆಕ್ಸಾಂಡ್ರಿಯಾ ಬಂದರಿನ ನಾವಿಕ ಕೆಡೆಟ್ ದಳ ಸೇರುವ ಹುಚ್ಚು. ಸೇರಲು ಅಂದೇ ಕಡೆಯ ಸಂಜೆ. ಅಪ್ಪ ಅಮ್ಮ ಇಬ್ಬರೂ ಹೋಗಿ ಕ್ಯಾಪ್ಟನ್ ಎದುರು ಒಪ್ಪಿಗೆ ಹೇಳಬೇಕು. ಆದರೆ ತಾಯಿ ಇನ್ಶಿರಾಹ್ ಸಮುದ್ರದ ಕಡೆಯ ಕಿಟಕಿಯನ್ನೂ ತೆರೆಯುತ್ತಿರಲಿಲ್ಲ. ಒಂದು ಚಳಿಗಾಲದಲ್ಲಿ ಮೀನಿಗೆ ಹೋದ ಅವಳ ಅಪ್ಪ ಮರಳಿ ಬಂದಿರಲಿಲ್ಲ.

ತಿಂಡಿಗೆ ಕೂತಾಗ ರುಶ್ದಿ ಗಂಟಲು ಸರಿಮಾಡಿಕೊಂಡ. "ಇನ್ಶಿರಾಹ್..."

"ಏನು?"

"ಕಾಳಿಗೆ ಉಪ್ಪು ಹದವಾಗಿದೆ."

ಮಗಳು ಹಣೆ ಚಚ್ಚಿಕೊಂಡಳು.

ತನ್ನ ಅಂಗಡಿಯಲ್ಲಿ, ಔಷಧಿ ಮಾರುವ ವಗ್ದಿಯ ಗಲ್ಲಕ್ಕೆ ಸೋಪು ಹಚ್ಚುತ್ತ ರುಶ್ದಿ ಸಂಕಟ ತೋಡಿಕೊಂಡ. ವಗ್ದಿ ನೊರೆಯೊಳಗಿಂದಲೇ, "ಅಷ್ಟೇನಾ? ನಾನು ಬಂದು ಹೇಳ್ತೀನಿ" ಎಂದ. ಬೆಂಚಿನ ಮೇಲಿದ್ದ ಮುದುಕ ಹಾಜಿ ಬಯೂಮಿ, "ನಾನೂ ಬರ್ತೀನಪ್ಪ. ನಿನ್ನ ಹೆಂಡ್ತಿ ನನಗೆ ಮಗಳಿದ್ದ ಹಾಗೆ" ಎಂದ. ಇಂಥ ನೆರೆಹೊರೆ ಯಾರಿಗುಂಟು ಎಂದು ರುಶ್ದಿಯ ಕಣ್ಣು ತೇವವಾಯಿತು. ಆ ಭರದಲ್ಲಿ ವಗ್ದಿಯ ಒಂದು ಕಡೆಯ ಮೀಸೆ ಹೋಯಿತು. ಸಮಕ್ಕೆಂದು ಇನ್ನೊಂದು ಕಡೆಯದನ್ನೂ ತೆಗೆಯಬೇಕಾಯಿತು.

ಮಧ್ಯಾಹ್ನ ಇಬ್ಬರೂ ಮನೆಗೆ ಬಂದರು. ಇನ್ಶಿರಾಹ್ ಚಹಾ ಇಟ್ಟಳು.

"ಸಮುದ್ರಕ್ಕೆ ಹೆದರಬಾರದಮ್ಮ," ವಗ್ದಿ ಶುರುಮಾಡಿದ. "ಮುಳುಗಿದರೂ ಏನೂ ನೋವಿರಲ್ಲ. ನಿದ್ದೆ ಬಂದ ಹಾಗಂತೆ."

ರುಶ್ದಿ ಕೆಮ್ಮಿದ.

"ನೋಡು ಮಗಳೇ," ಹಾಜಿ ಸಮಾಧಾನ ಹೇಳಿದ, "ನಮ್ಮ ಕಾಲದಲ್ಲೂ ಹೋದವರಲ್ಲಿ ಮುಕ್ಕಾಲು ಜನ ವಾಪಸ್ ಬರ್ತಿದ್ರು."

ಅವನನ್ನು ತಡೆಯಲು ರುಶ್ದಿ ಮೇಜಿನಡಿ ಕಾಲಿನಿಂದ ಒದ್ದ. ಒದೆ ಬಿದ್ದದ್ದು ಹೆಂಡತಿಯ ಮೊಣಕಾಲಿಗೆ. ಚಹಾ ಚೆಲ್ಲಿತು. ಇನ್ಶಿರಾಹ್ ಗಂಡನನ್ನು ನೋಡಿದ ನೋಟಕ್ಕೆ ಅವನು ಕುರ್ಚಿಯಲ್ಲೇ ಬಟ್ಟೆಯ ಗಂಟಿನಂತೆ ಮುದುಡಿದ.

ಅವಳು ಮಗಳ ಕಡೆ ತಿರುಗಿದಳು. "ಇಷ್ಟೆಲ್ಲ ಕೇಳಿದ್ಯಲ್ಲ. ಭಯ ಆಗಲ್ವಾ ನಿಂಗೆ?"

"ಆಗುತ್ತೆ," ಶಹಂದಾ ಮೆಲ್ಲಗೆ ಹೇಳಿದಳು. "ತಾತನ ಸುದ್ದಿ ಬಂದಾಗೆಲ್ಲ ನೀನು ಎದ್ದು ಒಳಗೆ ಹೋಗ್ತೀಯ. ನಾನೂ ಹಾಗೇ ಕಿಟಕಿ ಮುಚ್ಚಿಕೊಂಡು ಇರೋಕೆ ನನಗಿಷ್ಟ ಇಲ್ಲಮ್ಮ."

ಇನ್ಶಿರಾಹ್ ಬಹಳ ಹೊತ್ತು ಬಟ್ಟೆಯಿಂದ ಮೇಜು ಒರೆಸಿದಳು. ಚೆಲ್ಲಿದ ಚಹಾ ಆಗಲೇ ಆರಿಹೋಗಿತ್ತು. ಕೊನೆಗೆ, "ಹೂಂ. ಶೂ ಹಾಕ್ಕೋ" ಎಂದಳು.

ಮೆಟ್ಟಿಲ ಮೇಲೆ ಕದ್ದು ಕೇಳುತ್ತಿದ್ದ ಇಬ್ಬರು ಹುಡುಗಿಯರು ಒಳಗೆ ನುಗ್ಗಿದರು: ವಗ್ದಿಯ ಮಗಳು, ಹಾಜಿಯ ಮೊಮ್ಮಗಳು. ಒಬ್ಬಳು ವಗ್ದಿಯ ಕೊರಳಿಗೆ ಬಿದ್ದಳು. "ಅಪ್ಪಾ, ನೀನೇ ಹೇಳಿದ್ಯಲ್ಲ, ಶಹಂದಾಳ ಅಮ್ಮ ಒಪ್ಪಿದ ದಿನ ನನ್ನೂ ಕಳಿಸ್ತೀನಿ ಅಂತ." ಇನ್ನೊಬ್ಬಳು ಹಾಜಿಯ ಕೈಗೆ ಮುತ್ತಿಟ್ಟಳು. ಅವನೂ ಅದೇ ಮಾತು ಕೊಟ್ಟಿದ್ದ. ಇನ್ಶಿರಾಹ್ ಈ ಜನ್ಮದಲ್ಲಿ ಒಪ್ಪುವುದಿಲ್ಲ ಎಂಬ ಧೈರ್ಯದ ಮೇಲೆ ಇಬ್ಬರೂ ಹಾಯಾಗಿದ್ದರು. ಈಗ ರುಶ್ದಿಯನ್ನು, ಅವನೇ ಬಲೆ ಬೀಸಿದವನಂತೆ, ದುರುಗುಟ್ಟಿ ನೋಡಿದರು. ರುಶ್ದಿಗೆ ಅದು ಗೊತ್ತಾಗಲೇ ಇಲ್ಲ. ಇಬ್ಬರ ಕೈಯನ್ನೂ ಹಿಡಿದು, "ನಿಮ್ಮ ಋಣ ಹೇಗೆ ತೀರಿಸಲಿ" ಎಂದು ಮತ್ತೆ ಮತ್ತೆ ಹೇಳುತ್ತಿದ್ದ.

ಸಂಜೆ ಬಂದರಿನಲ್ಲಿ ಕ್ಯಾಪ್ಟನ್ ಸಮೀಹಾ ಎಲ್ಲರ ಮನೆಯವರ ಒಪ್ಪಿಗೆ ಕೇಳಿ ಮೂವರು ಹುಡುಗಿಯರನ್ನೂ ಸೇರಿಸಿಕೊಂಡಳು. "ಶುಕ್ರವಾರ ಶುಕ್ರವಾರ ದೋಣಿ ಅಭ್ಯಾಸ. ಇನ್ನೇನಾದರೂ ಕೇಳೋದಿದೆಯಾ?"

"ಒಂದಿದೆ," ಎಂದಳು ಇನ್ಶಿರಾಹ್. "ನಮ್ಮಪ್ಪ ಒಬ್ಬರೇ ಹೋಗಿದ್ರು. ನನ್ನ ಮಗಳ ಹಿಂದೆ ಮನೆಯವರು ಒಬ್ಬರು ಇರಬೇಕು."

"ಕಾವಲು ದೋಣಿಯಲ್ಲಿ ಜಾಗ ಇದೆ. ಯಾರು ಬರ್ತೀರಿ?"

ಇನ್ಶಿರಾಹ್ ಗಂಡನನ್ನು ನೋಡಿದಳು. ರುಶ್ದಿಗೆ ಟ್ರಾಮಿನಲ್ಲಿ ಕೂತರೂ ಹೊಟ್ಟೆ ತೊಳಸುತ್ತಿತ್ತು. ಮೇಲಾಗಿ ಶುಕ್ರವಾರವೆಂದರೆ ಕ್ಷೌರದಂಗಡಿಗೆ ಹಬ್ಬದಂಥ ವ್ಯಾಪಾರ. "ನಾನು... ಅಂಗಡಿ..." ಎಂದು ತೊದಲಿದ.

"ರುಶ್ದಿ ಹೋಗ್ತಾನೆ ಬಿಡಿ," ಬೋಳು ತುಟಿಯ ವಗ್ದಿಯ ಮುಖದಲ್ಲಿ ಅಂದು ಮೊದಲ ಸಲ ನಗು ಬಂತು. "ನಮ್ಮ ಹುಡುಗೀನೂ ನೋಡ್ಕೋತಾನೆ."

"ಋಣ ತೀರಿಸಬೇಕು ಅಂತ ಬೇರೆ ಅಂತಿದ್ದ," ಹಾಜಿ ದನಿಗೂಡಿಸಿದ.

ಮರುದಿನ, ಅಂಗಡಿ ಬಾಗಿಲಲ್ಲಿ ಗಿರಾಕಿಗಳು ಬೈಯುತ್ತ ನಿಂತಿದ್ದ ಹೊತ್ತಿಗೆ, ರುಶ್ದಿ ಕಾವಲು ದೋಣಿಯ ಅಂಚಿಗೆ ಕೊರಳು ನೇತುಹಾಕಿಕೊಂಡಿದ್ದ. ಮುಖ ಸೌತೆಕಾಯಿಯ ಬಣ್ಣಕ್ಕೆ ತಿರುಗಿತ್ತು. ಪಕ್ಕದಲ್ಲೇ ಕೆಡೆಟ್‌ಗಳ ದೋಣಿ ಹಾದುಹೋಯಿತು. ಹುಟ್ಟು ಹಾಕುತ್ತಿದ್ದ ಶಹಂದಾ ಅಪ್ಪನನ್ನು ಕಂಡು, ಒಂದು ಕೈ ಬಿಡಿಸಿ ನೆಟ್ಟಗೆ ಸೆಲ್ಯೂಟ್ ಹೊಡೆದಳು.

ರುಶ್ದಿ ಒಂದು ಕೈಯಲ್ಲಿ ಬಕೆಟ್ ತಬ್ಬಿಕೊಂಡು ಇನ್ನೊಂದು ಕೈಯನ್ನು ಹಣೆಗೆ ಒಯ್ದ. ದೂರದ ದಡದಲ್ಲಿ ಇನ್ಶಿರಾಹ್ ನಿಂತಿದ್ದಳು. ಸಮುದ್ರಕ್ಕೆ ಮುಖ ಮಾಡಿ, ಕಣ್ಣು ತೆರೆದು ನಿಂತಿದ್ದಳು. ಅವನು ದೇವರನ್ನು ನೆನೆದು, ಅಲ್ಹಮ್ದುಲಿಲ್ಲಾಹ್ ಎಂದು ಕೃತಜ್ಞತೆ ಹೇಳಲು ಬಾಯಿ ತೆರೆದ.

ಬಾಯಿ ತೆರೆದದ್ದೇ ತಪ್ಪಾಯಿತು.