ಸಿಲ್ಕಿ ನೀರುನಾಯಿಯಾದದ್ದು

ಸಾಹೇಬರ ಮನೆಯ ನಾಯಿಯ ಹಗ್ಗ ತನ್ನ ಕೈಗೆ ಬಂದಾಗ ಗುಮಾಸ್ತ ಹಾಲೇಶನಿಗೆ ಕುಷ್ಟಗಿಯೇ ಕೈಗೆ ಸಿಕ್ಕಷ್ಟು ಹಿಗ್ಗಾಯಿತು. ಹೆಂಡತಿ ಮಕ್ಕಳಿದ್ದ ಆ ಊರಿಗೆ ವರ್ಗ ಮಾಡಿಸಿಕೊಳ್ಳಲು ಅವನು ಗಂಗಾವತಿಯ ಕಚೇರಿಯಲ್ಲಿ ಸಾಹೇಬರ ಬೆನ್ನು ಬಿದ್ದು ವರ್ಷಗಳೇ ಆಗಿದ್ದವು. ಆ ಭಾನುವಾರ ಕಚೇರಿಯವರೆಲ್ಲ ಹಕ್ಕಿ ನೋಡಲು ವಿರೂಪಾಪುರಗಡ್ಡೆಯ ಹೊಳೆದಂಡೆಗೆ ಬಂದಿದ್ದರು.

“ಹಾಲೇಶಾ, ಸಿಲ್ಕಿನ್ನ ನೀನೇ ಅಡ್ಡಾಡಿಸ್ಕೊಂಡು ಬಾ. ಅವಸರ ಏನಿಲ್ಲ. ನಿನ್ನ ಕುಷ್ಟಗಿ ವಿಚಾರ ಬಂದಮ್ಯಾಲೆ ಮಾತಾಡೂಣು,” ಎಂದರು ಸಾಹೇಬರು.

ಸಿಲ್ಕಿಯೆಂದರೆ ಹಾಲಿನ ಕೆನೆಯಂಥ ಬಿಳಿ ನಾಯಿ. ಭತ್ತದ ಗದ್ದೆ ದಾಟುವಷ್ಟರಲ್ಲಿ ಅದಕ್ಕೊಂದು ಕೊಕ್ಕರೆ ಕಂಡಿತು. ಕೊಕ್ಕರೆ ಹಾರಿತು, ಸಿಲ್ಕಿ ಜಿಗಿಯಿತು, ಹಗ್ಗವೂ ಕೊರಳಪಟ್ಟಿಯೂ ಹಾಲೇಶನ ಕೈಯಲ್ಲೇ ಉಳಿದವು. ನಾಯಿ ಜೊಂಡಿನೊಳಗೆ ಮಾಯ!

“ಸತ್ನೆಪ್ಪೋ!” ಎಂದು ಹಾಲೇಶ ಬೆನ್ನತ್ತಿದ.

ಹೊಳೆಯ ನಡುವಿನ ಬಂಡೆಯ ಮೇಲೆ ಅದು ಕಂಡಾಗ ತಲೆಯಿಂದ ಬಾಲದ ತನಕ ನೀರಿಗೂ ಬಿಡದ ಕರಿ ಕೆಸರು, ಕೂದಲೆಲ್ಲ ಮೈಗೆ ಅಂಟಿತ್ತು. ಇವನು ಇನ್ನೇನು ನೀರಿಗಿಳಿಯಬೇಕು, ಬಟ್ಟೆ ಒಗೆಯುತ್ತಿದ್ದ ಸುಂಕಲಮ್ಮ ಅಂಗಿಯನ್ನೇ ಹಿಡಿದೆಳೆದಳು.

“ಯಪ್ಪಾ, ಎಲ್ಲಿಗೆ ಹೊಂಟಿ? ಅದು ನೀರುನಾಯಿ! ಮುಟ್ಟಿದ್ರ ಜೇಲು ಅಂತ ಫಾರೆಸ್ಟಿನೋರು ಡಂಗುರ ಹೊಡಿಸ್ಯಾರ.”

“ನೀರುನಾಯಿ ಅಲ್ಲಬೇ, ಮನಿ ನಾಯಿ! ನಮ್ಮ ಸಾಹೇಬ್ರದು!”

“ಹಿಡಿಯಾಕ ಬಂದೋರೆಲ್ಲ ಹಿಂಗ ಅಂತಾರ,” ಎಂದ ತೆಪ್ಪದಲ್ಲಿದ್ದ ಮುರ್ತುಜಾಸಾಬ. “ನಿಂದಾದ್ರ ಕರಿ ನೋಡೂಣು.”

“ಸಿಲ್ಕೀ... ಬಾರವ್ವಾ, ಬಾರ ನಮ್ಮವ್ವಾ!” ಹಾಲೇಶ ಕೈಮುಗಿದು ಕರೆದ. ಸಾಹೇಬರ ಮನೆಯ ನಾಯಿ ಗುಮಾಸ್ತ ಕರೆದರೆ ಬರುತ್ತದೆಯೇ? ಮುಖ ತಿರುಗಿಸಿ ಕೂತಿತು. ಬಿಸ್ಕೀಟು ಎಸೆದ, ಅದು ಮೀನಿನ ಪಾಲಾಯಿತು. ಅಷ್ಟರಲ್ಲಿ ಜನ ನೆರೆದು, ನೀರುನಾಯಿ ಕಳ್ಳ ಸಿಕ್ಕನೆಂದು ಮೊಬೈಲಿನಲ್ಲಿ ಹಾಲೇಶನದೇ ಫೋಟೋ ಹೊಡೆಯತೊಡಗಿದರು.

“ನಾಯಿ ಅಂದಮ್ಯಾಲೆ ಬೊಗಳಬೇಕಲ್ಲಪಾ?” ಎಂದಳು ಸುಂಕಲಮ್ಮ. ಸಿಲ್ಕಿಗೆ ಬೊಗಳುವುದನ್ನು ನೆನಪು ಮಾಡಿಕೊಡಲು ಕಡೆಗೆ ಹಾಲೇಶನೇ ಬೊಗಳಿದ. ಜನ ಬಿದ್ದು ಬಿದ್ದು ನಕ್ಕರು. ನಾಯಿ ಮಾತ್ರ ತುಟಿ ಬಿಚ್ಚಲಿಲ್ಲ.

ಆಗ ಬಂಡೆಯ ಪಕ್ಕದಲ್ಲೇ ನೀರು ಸೀಳಿ ಮೀಸೆಯ ಚಪ್ಪಟೆ ತಲೆಯೊಂದು ಎದ್ದಿತು, ಬಾಯಲ್ಲಿ ಮೀನು. ನಿಜವಾದ ನೀರುನಾಯಿ! ಸಿಲ್ಕಿ ಕಿಟಾರನೆ ಕಿರುಚಿ, ನೀರಿಗೆ ಬಿದ್ದು, ಈಜಿ ಬಂದು ಹಾಲೇಶನ ಕೊರಳಿಗೆ ಜೋತುಬಿತ್ತು.

“ಅಯ್ಯ, ಇದು ಖರೇನ ನಾಯೈತಿ!” ಎಂದು ಸುಂಕಲಮ್ಮ ನಾಲಿಗೆ ಕಚ್ಚಿಕೊಂಡಳು.

ಕೆಸರಿನ ಮುದ್ದೆಯಾಗಿ ಬಂದ ಇಬ್ಬರನ್ನೂ ಕಂಡು ಸಾಹೇಬರ ಹೆಂಡತಿ ರೇಣುಕಾದೇವಿ ಕಣ್ಣೀರಿಟ್ಟರು. “ಸಿಲ್ಕಿ ಸಲುವಾಗಿ ಹೊಳಿಗೆ ಬಿದ್ದಾನ್ರಿ, ಪಾಪ! ಇಂಥಾ ಮನಷ್ಯಾನ್ನ ಕುಷ್ಟಗಿಗೆ ಕಳಿಸಿದ್ರ ನನ್ನ ಆಣಿ ಐತಿ. ನಾಳಿಂದ ದಿನಾ ಇವನೇ ಅಡ್ಡಾಡಿಸ್ಲಿ.”

ಹಾಲೇಶ, ನೀವಾದರೂ ಒಂದು ಮಾತು ಹೇಳಿ ಎಂಬಂತೆ ಸಾಹೇಬರನ್ನು ನೋಡಿದ. ಅವರು ಅವನನ್ನು ಜೀಪಿನ ಹಿಂದಕ್ಕೆ ಎಳೆದೊಯ್ದು ಹಲ್ಲು ಕಡಿದರು.

“ಈ ನಾಯಿ ಬಂದಾಗಿಂದ ಅದು ಮಂಚದ ಮ್ಯಾಲೆ, ನಾ ಪಡಸಾಲ್ಯಾಗ. ಇಷ್ಟು ಮಂದಿಯೊಳಗ ನಿನ್ನ ಕೈಗೇ ಯಾಕ ಕೊಟ್ಟೆ ಗೊತ್ತೇನು? ನಿನ್ನ ಕೈಗೆ ಹೋದ ಫೈಲು ಒಂದಾದ್ರೂ ತಿರುಗಿ ಬಂದೈತೇನಲೇ? ಜನ್ಮದಾಗ ಮೊದಲನೇ ಸಲ ಕಳಕೊಂಡದ್ದನ್ನ ಹುಡುಕಿ ತಂದಿಯಲ್ಲೋ, ಅದೂ ಇದನ್ನ!”