ದೋಣಿ ಅಜ್ಜಿಗೆ ಅತ್ತವರು

ನೋಡಿ, ಕೂತು ಒಂದು ಸಾಲು ಬರೆದಿಲ್ಲ, ಆಗಲೇ ಒಳಗಿನಿಂದ ಕರೆ. ಮಗಳ ಮೂಗು ಒರೆಸಬೇಕಂತೆ. ಬಟ್ಟೆ ಅವಳ ಕೈಯಲ್ಲೇ ಇದೆ, ಅಪ್ಪ ಪಕ್ಕದಲ್ಲೇ ಇದ್ದಾನೆ, ಆದರೂ ಮೂಗು ಒರೆಸುವ ವಿದ್ಯೆ ಈ ಮನೆಯಲ್ಲಿ ನನ್ನೊಬ್ಬಳಿಗೇ ಬರುವುದು. ಓದಲು ಕೂತರೂ ಇದೇ ಪಾಡು. ನಾನು ಓದುವುದು ದೊಡ್ಡ ಗ್ರಂಥವೇನಲ್ಲ, ಫೋನಿನಲ್ಲಿ ಬರುವ ಚಿತ್ರಕಥೆ. ವೆಬ್‌ಕಾಮಿಕ್ ಅನ್ನುತ್ತಾರೆ. ಬೆರಳಿನಿಂದ ತಳ್ಳುತ್ತಾ ಹೋದರೆ ಚಿತ್ರದ ಕೆಳಗೆ ಚಿತ್ರ ಬರುತ್ತದೆ. ಓದಿ ಸುಮ್ಮನಿದ್ದರೆ ತೊಂದರೆಯಿಲ್ಲ. ಆದರೆ ಒಳ್ಳೆಯದು ಸಿಕ್ಕರೆ ಇನ್ನೊಬ್ಬರಿಗೆ ತೋರಿಸದೆ ನನಗೆ ಊಟ ಸೇರುವುದಿಲ್ಲ. ತೋರಿಸಿದಾಗಲೆಲ್ಲ ಏನಾದರೊಂದು ಆಗದೆ ಬಿಡುವುದೂ ಇಲ್ಲ.

೧. ಬಿಸಿ ಎಲೆ

ನಾನು ಗುಂಡ್ಲುಪೇಟೆ ಕಡೆಯವಳು, ಓದಿದ್ದು ಹತ್ತನೇವರೆಗೆ. ಮದುವೆಯಾಗಿ ಬಂದದ್ದು ಊಟಿ ಹತ್ತಿರ, ಕೆತ್ತಿ ಊರಿನ ಮೇಲಿನ ಗುಡ್ಡದ ಈ ಹಟ್ಟಿಗೆ. ಇಲ್ಲಿ ನನ್ನ ಗೆಳತಿ ಅಂದರೆ ಪಕ್ಕದ ಮನೆಯ ಸೊಸೆ. ಅವಳಿಗೆ ನಾನು ಹಿಡಿಸಿದ ಹುಚ್ಚು ದೋಣಿ ಅಜ್ಜಿಯ ಕಥೆ. ಸಮುದ್ರದ ಪಕ್ಕ ಹಳೆ ದೋಣಿ ರಿಪೇರಿ ಮಾಡುವ ಒಬ್ಬ ಮುದುಕಿ, ಅವಳ ಹತ್ತಿರ ಓಡಿಬಂದ ಮೊಮ್ಮಗಳು. ಪ್ರತಿ ಶುಕ್ರವಾರ ಹೊಸ ಕಂತು. ನಾನು ಕನ್ನಡದಲ್ಲಿ ಓದುತ್ತೇನೆ, ಅವಳು ತಮಿಳಿನಲ್ಲಿ. ಚಿತ್ರ ಒಂದೇ, ಕಣ್ಣೀರೂ ಒಂದೇ.

ಒಂದು ದಿನ ಟೀ ಎಲೆ ಕಿತ್ತು, ಮೂಟೆ ಕಟ್ಟಿ, ತೂಕದ ಶೆಡ್ಡಿನ ಹತ್ತಿರ ಲಾರಿಗೆ ಕಾಯುತ್ತಿದ್ದೆವು. ಲಾರಿ ತಡ. ಕೂತು ಓದಲು ಶುರು ಮಾಡಿದೆವು. ಮೆತ್ತಗೆ, ಬೆಚ್ಚಗೆ, ಬಹಳ ಸುಖವಾಗಿತ್ತು. ಸುಖ ಯಾಕೆ ಅಂದರೆ ಇಬ್ಬರೂ ಕೂತಿದ್ದು ನಮ್ಮ ಎಲೆಮೂಟೆಯ ಮೇಲೆಯೇ. ಅದುಮಿದ ಎಲೆ ಕಾಯುತ್ತದೆ, ಕಾದರೆ ಕೆಂಪಾಗುತ್ತದೆ, ಇದು ಇಲ್ಲಿನ ಮಗುವಿಗೂ ಗೊತ್ತು. ಎಲೆ ತೆಗೆದುಕೊಳ್ಳುವವನು ಮೂಟೆಯೊಳಗೆ ಕೈ ಹಾಕಿ, ಸರಕ್ಕನೆ ಹೊರಗೆ ತೆಗೆದು ಹೇಳಿದ: "ಇದನ್ನ ಫ್ಯಾಕ್ಟರಿಗೆ ಯಾಕಕ್ಕ ಕಳಿಸ್ತೀರ? ಹಾಲು, ಸಕ್ಕರೆ ತನ್ನಿ, ಇಲ್ಲೇ ಕುಡಿದುಬಿಡೋಣ."

ಸುದ್ದಿ ನನಗಿಂತ ಮೊದಲು ಮನೆ ಮುಟ್ಟಿತ್ತು. ನನ್ನ ಅತ್ತೆಯನ್ನು ನಾನು ಇಲ್ಲಿನ ರೂಢಿಯಂತೆ ಮಾಮಿ ಅನ್ನುತ್ತೇನೆ. ಮಾಮಿ ಕೂಗಾಡಲಿಲ್ಲ, ಅದೇ ಭಯ. ಮೆಲ್ಲಗೆ ತೀರ್ಪು ಕೊಟ್ಟರು: "ಆ ಚಿತ್ರದಿಂದ ಇನ್ನೊಂದು ರಗಳೆ ಆಗಲಿ, ನಿನ್ನ ಫೋನು ನನ್ನ ಮಗನಿಗೆ. ಅವನ ಬಟನ್ ಫೋನು ನಿನಗೆ."

ನನ್ನ ಗಂಡ ಅವತ್ತಿನಿಂದ ನನ್ನ ಫೋನನ್ನು ಒರೆಸಿ ಒರೆಸಿ ಇಡುತ್ತಿದ್ದಾನೆ.

೨. ಬಸ್ಸಿನಲ್ಲಿ

ಆಮೇಲೆ ನಾನು ಕಳ್ಳಿಯ ಹಾಗೆ ಓದತೊಡಗಿದೆ. ಊಟಿಗೆ ಹೋಗುವ ಬಸ್ಸೇ ವಾಸಿ, ಅಲ್ಲಿ ಮಾಮಿ ಇರುವುದಿಲ್ಲ. ಒಂದು ಸಲ ಪಕ್ಕದ ಹೆಂಗಸು ನನ್ನ ಭುಜದ ಮೇಲೆ ಗಲ್ಲ ಊರುವುದೊಂದು ಬಾಕಿ, ಹಾಗೆ ಬಗ್ಗಿ ನೋಡುತ್ತಿದ್ದಳು. ನಾನು ಬೆರಳು ಎತ್ತಿದರೆ, "ಸ್ವಲ್ಪ ತಾಳಮ್ಮ, ಆ ದೋಣಿ ಸರಿಯಾಗಿ ನೋಡಲಿಲ್ಲ" ಅಂದಳು. ಮೊದಲಿನಿಂದ ಕಥೆ ಹೇಳಿದೆ. ಅವಳು ಇಳಿಯಬೇಕಾದ ಸ್ಟಾಪು ಹಿಂದಕ್ಕೆ ಹೋಯಿತು. ಎದ್ದು ನಿಂತು ಬಸ್ಸೆಲ್ಲ ಕೇಳುವ ಹಾಗೆ ಕೂಗಿದಳು: "ಈ ಹುಡುಗಿ ನನ್ನ ಕೆಲಸ ಕೆಡಿಸಿದಳು!"

ನಾನು ಸರಕ್ಕನೆ ಫೋನನ್ನು ಬ್ಯಾಗಿಗೆ ತುರುಕಿದೆ. ಯಾಕೆಂದರೆ ಕಂಡಕ್ಟರ್ ನಮ್ಮ ಹಟ್ಟಿಯವನೇ. ಹತ್ತಿರ ಬಂದು ನಿಂತ. ರಗಳೆ ಆಯಿತು, ಬಟನ್ ಫೋನು ಬಂತು ಅಂದುಕೊಂಡು, "ಅಣ್ಣಾ, ಮಾಮಿಗೆ ಮಾತ್ರ..." ಅಂದೆ.

"ಹೇಳಲ್ಲಕ್ಕ," ಅಂದ. "ಆದ್ರೆ ಆ ಮೊಮ್ಮಗಳು ಮನೆ ಬಿಟ್ಟು ಬಂದಿದ್ದು ಯಾಕೆ? ನೀವು ಹೇಳ್ತಿದ್ದಾಗ ನಾನು ಟಿಕೆಟ್ ಹರಿಯೋಕೆ ಹಿಂದೆ ಹೋಗಿದ್ದೆ."

೩. ಕೆತ್ತಿ ಚಿಕ್ಕಮ್ಮ

ಮಾಮಿಗೆ ಕೆತ್ತಿಯಲ್ಲಿ ಒಬ್ಬಳು ತಂಗಿ. ಫೋನು ಹಿಡಿದ ಹುಡುಗಿಯರನ್ನು ಕಂಡರೆ ಆಕೆಗೆ ಉರಿ. ಒಂದು ಮದುವೆಯಲ್ಲಿ ಎಲ್ಲರ ಮುಂದೆ ನನಗೆ ಅಂದರು: "ತಲೆ ಎತ್ತಮ್ಮಾ. ಮದುಮಗಳು ಯಾವಳು ಅಂತಾದರೂ ನೋಡು." ಎಲ್ಲರೂ ನಕ್ಕರು. ನಾನು ಫೋನನ್ನು ಸೆರಗಿಗೆ ಸುತ್ತಿ ಅಡುಗೆಯವರ ಹಿಂದೆ ಹೋಗಿ ನಿಂತೆ.

ಚಿಕ್ಕಮ್ಮ ಅಲ್ಲಿಗೂ ಬಂದರು. ಇನ್ನಷ್ಟು ಬೈಗುಳ ಇದೆ ಅಂತ ಕಾಯುತ್ತಿದ್ದರೆ, ಅತ್ತಿತ್ತ ನೋಡಿ ಪಿಸುಗುಟ್ಟಿದರು: "ಆ ದೋಣಿ ತೇಲಿತಾ?"

ಬಸ್ಸಿನ ಹೆಂಗಸು ಅವರ ಪಕ್ಕದ ಮನೆಯವಳಂತೆ. ಅಲ್ಲೇ, ಅನ್ನದ ಹಂಡೆಯ ಹೊಗೆಯಲ್ಲಿ, ಅವರ ಫೋನಿಗೂ ಅಜ್ಜಿಯನ್ನು ಇಳಿಸಿಕೊಟ್ಟೆ. ಚಿಕ್ಕಮ್ಮ ನನ್ನ ತಲೆ ಮುಟ್ಟಿ ಆಣೆ ಹಾಕಿಸಿಕೊಂಡರು: "ಅಕ್ಕನಿಗೆ ಗೊತ್ತಾಗಬಾರದು. ನಾನು ಓದ್ತೀನಿ ಅಂತ ತಿಳಿದರೆ ಮುಖ ಎತ್ತಿ ಮಾತಾಡೋ ಹಾಗಿಲ್ಲ."

"ಅಷ್ಟಕ್ಕೆಲ್ಲ ಮಾಮಿ ಏನೂ ಅನ್ನಲ್ಲ ಚಿಕ್ಕಮ್ಮ," ಅಂದೆ.

"ಅನ್ನದೆ ಏನು! ನಿನಗೆ ಬಟನ್ ಫೋನು ಕೊಡಿಸು ಅಂತ ಹೇಳಿಕೊಟ್ಟಿದ್ದೇ ನಾನು."

೪. ಶುಕ್ರವಾರ

ನಮ್ಮ ತೋಟದಲ್ಲಿ ಸಿಗ್ನಲ್ ಸಿಗುವುದು ತುದಿಯ ಸಿಲ್ವರ್ ಓಕ್ ಮರದ ಕೆಳಗೆ ಮಾತ್ರ. ಗೆಳತಿಯ ತೋಟ ಎದುರಿನ ಇಳಿಜಾರು, ಅಲ್ಲಿ ಅದೂ ಇಲ್ಲ. ಹಾಗಾಗಿ ಕಂತು ಬಂದ ಕೂಡಲೇ ನಾನು ಓದಿ, ಸಂಜೆ ಅವಳಿಗೆ ಹೇಳುವುದು ವಾಡಿಕೆ. ಆ ಶುಕ್ರವಾರ ನೋಡಿದರೆ, ದೋಣಿ ನೀರಿಗೆ ಇಳಿಯುವ ಹೊತ್ತಿಗೆ ಅಜ್ಜಿ ದಡದಲ್ಲಿ ಕೂತಲ್ಲೇ ಸತ್ತಿದ್ದಾಳೆ. ಸುತ್ತಿಗೆ ಇನ್ನೂ ಕೈಯಲ್ಲೇ ಇದೆ. ನನಗೆ ತಡೆಯಲಾಗಲಿಲ್ಲ. ಬುಟ್ಟಿ ಬಿಟ್ಟು ಕೂಗಿದೆ: "ಅಜ್ಜಿ ಹೋಗ್ಬಿಡ್ತು ಕಣೇ!"

ಎದುರಿನಿಂದ ಗೆಳತಿ "ಅಯ್ಯೋ ಅಜ್ಜೀ!" ಅಂತ ಎದೆ ಬಡಿದುಕೊಂಡು ಅತ್ತಳು.

ಇಳಿಜಾರಿನಿಂದ ಇಳಿಜಾರಿಗೆ ಇಲ್ಲಿ ಜನ ಸುಮ್ಮನೆ ಕೂಗುವುದಿಲ್ಲ. ಕಾಡುಕೋಣ ಬಂದಿರಬೇಕು, ಇಲ್ಲವೇ ಯಾರೋ ಸತ್ತಿರಬೇಕು. ಮಾಮಿಗೆ ವಾರದಿಂದ ಕೆಮ್ಮು, ಮನೆಯಲ್ಲಿ ಮಲಗಿದ್ದರು. ಇದು ಹಟ್ಟಿಗೆಲ್ಲ ಗೊತ್ತಿತ್ತು. ನನಗೆ ಮಾತ್ರ ಆ ಗಳಿಗೆ ಮರೆತಿತ್ತು.

ಕಣ್ಣೊರೆಸಿಕೊಂಡು ನೋಡುತ್ತೇನೆ, ತೋಟಗಳಲ್ಲಿ ಒಬ್ಬರೂ ಎಲೆ ಕೀಳುತ್ತಿಲ್ಲ. ಸಾವಿನ ದಿನ ಹಟ್ಟಿಯಲ್ಲಿ ಯಾರೂ ಕೆಲಸ ಮಾಡುವುದಿಲ್ಲ. ಎಲ್ಲರೂ ಬಿಳಿ ಮುಂಡು, ಅಂದರೆ ಸಾವಿಗೆ ಹೋಗುವಾಗ ಹೊದೆಯುವ ಬಟ್ಟೆ, ಹೊದ್ದು ದಾರಿ ಹಿಡಿದಿದ್ದಾರೆ. ನಾನು ಓಡಿ ಇಳಿದು ಒಬ್ಬಳನ್ನು ಕೇಳಿದೆ: "ಯಾರಕ್ಕ ಹೋಗಿದ್ದು?"

ಅವಳು ನನ್ನನ್ನು ತಬ್ಬಿಕೊಂಡು ಗೊಳೋ ಅಂದಳು. "ನೀನೇ ಕೂಗಿ ಹೇಳಿ ನೀನೇ ಕೇಳ್ತೀಯಲ್ಲೇ! ಪಾಪ, ದುಃಖಕ್ಕೆ ತಲೆ ಕೆಟ್ಟಿದೆ."

ಆಗ ನನಗೆ ಅರ್ಥವಾಯಿತು. ಮನೆ ಕಡೆ ಓಡಿದೆ. ಮನೆ ಮುಟ್ಟುವಷ್ಟರಲ್ಲಿ ಅಂಗಳವೆಲ್ಲ ಬಿಳಿ. ಗಲಾಟೆಗೆ ಎದ್ದ ಮಾಮಿ ಬಾಗಿಲು ತೆಗೆದರು. ಬಿಳಿ ಮುಂಡುಗಳನ್ನು ನೋಡಿದರು. ಮಾಮಿ ಒಳಗೆ ಹೋಗಿ, ತಾವೂ ಬಿಳಿ ಮುಂಡು ಹೊದ್ದು ಹೊರಗೆ ಬಂದರು.

"ನಡೀರಿ. ಯಾವ ಹಟ್ಟಿಗೆ ಹೋಗಬೇಕು?"

ಅಷ್ಟರಲ್ಲಿ ತುಮ್ಮನಟ್ಟಿಯಿಂದ ಅವರ ತಮ್ಮ ಜೀಪಿನಲ್ಲಿ ಬಂದು ಇಳಿದ. "ಅಕ್ಕಾ, ನನ್ನ ಬಿಟ್ಟು ಹೋದೆಯಾ!" ಅಂತ ಕಣ್ಣು ಮುಚ್ಚಿ ಅಳುತ್ತಾ, ಎದುರಿಗೆ ಬಂದವರನ್ನು ತಳ್ಳಿಕೊಂಡು ಒಳಗೆ ನುಗ್ಗಿದ. ಹಾಗೆ ತಳ್ಳಿಸಿಕೊಂಡವರಲ್ಲಿ ಮಾಮಿಯೂ ಒಬ್ಬರು.

ನಿಜ ಹೇಳಿದೆ. ಚಿತ್ರದ ಅಜ್ಜಿ, ಸಮುದ್ರ, ದೋಣಿ, ಎಲ್ಲವನ್ನೂ. ಕೆಲವರು ಬೈದರು, ಕೆಲವರು ಕಥೆಯ ಹೆಸರು ಕೇಳಿಕೊಂಡರು, ಎಲ್ಲರೂ ಟೀ ಕುಡಿದು ಹೋದರು. ಸಂಜೆ ನಾನೇ ಫೋನನ್ನು ತಂದು ಮಾಮಿಯ ಮುಂದೆ ಬೆಂಚಿನ ಮೇಲೆ ಇಟ್ಟೆ. ಗಂಡ ಹೊಸ ಕವರನ್ನೇ ತಂದಿಟ್ಟುಕೊಂಡಿದ್ದ.

ಮಾಮಿ ಫೋನು ಮುಟ್ಟಲಿಲ್ಲ. ಅವರ ಮುಖದಲ್ಲಿ ಹಬ್ಬದ ಕಳೆ. "ತಮ್ಮ ಎಷ್ಟು ಅತ್ತ ನೋಡಿದೆಯಾ? ಅಷ್ಟು ದೂರದ ನಡುವಟ್ಟದಿಂದಲೂ ಬಂದರಲ್ಲ! ಇರಲಿ, ಇಟ್ಟುಕೋ ನಿನ್ನ ಫೋನು." ನಾನು ಕೈ ಚಾಚಿದೆ. ಆಗ ಅವರ ಮುಖ ಬಿಗಿಯಿತು. "ಬರದವಳು ಒಬ್ಬಳೇ. ನನ್ನ ಒಡಹುಟ್ಟಿದ ತಂಗಿ. ತಮ್ಮ ಜೀಪಿನಿಂದ ಅವಳಿಗೆ ಫೋನು ಮಾಡಿ, ಹಟ್ಟಿಯವರು ತನಗೆ ಹೇಳಿದ ಹಾಗೇ 'ಅಜ್ಜಿ ಹೋದರಂತೆ' ಅಂದನಂತೆ. ಅದಕ್ಕವಳು, 'ಗೊತ್ತು, ಬೆಳಗ್ಗೆಯೇ ನೋಡಿದೆ, ಪಾಪ' ಅಂದು ಇಟ್ಟುಬಿಟ್ಟಳಂತೆ. ಏನು ನೋಡಿದಳು ಅವಳು?"

ಆಣೆ ಹಾಕಿದ್ದು ನನ್ನ ತಲೆಯ ಮೇಲೆ.

ಅದೇ ಗಳಿಗೆಗೆ ಬೆಂಚಿನ ಮೇಲೆ ಫೋನು ಮಿನುಗಿತು. ಕೆತ್ತಿ ಚಿಕ್ಕಮ್ಮನ ಮೆಸೇಜು: "ಅತ್ತು ಅತ್ತು ಕಣ್ಣು ಊದಿಕೊಂಡಿದೆ, ಊಟ ಸೇರಲಿಲ್ಲ. ಇನ್ನು ಆ ದೋಣಿ ಯಾರಿಗೆ? ಅಕ್ಕನಿಗೆ ಹೇಳಬೇಡ."

ಮಾಮಿಗೆ ಓದಲು ಬರುವುದಿಲ್ಲ. ಆದರೆ ಪಕ್ಕದಲ್ಲಿದ್ದ ಪುಟ್ಟ ಫೋಟೋದಲ್ಲಿ ತಂಗಿಯ ಮುಖ ಗುರುತು ಸಿಕ್ಕಿತು. ಫೋನನ್ನು ಎತ್ತಿ ನನ್ನ ಮೂಗಿನ ಮುಂದೆ ಹಿಡಿದರು.

"ನಾನು ಸತ್ತೆ ಅಂದರೂ ಬರದವಳು, ಬದುಕಿದ್ದೀನಿ ಅಂತ ಗೊತ್ತಾದ ಮೇಲೆ ಏನು ಬರೆದಿದ್ದಾಳೆ, ಓದು?"