ಕ್ಯಾರಿಯರ್ ಇಲ್ಲದ ಸೈಕಲ್ಲಿಗೆ ಅನುಮತಿ ಕೋರಿ

ಇಂದ,
ರಾಚಪ್ಪ ಮಲಕಪ್ಪ ಹತ್ತಳ್ಳಿ,
ಕಾಲುವೆ ಕಚೇರಿಯ ಗುಮಾಸ್ತ,
ವಾಸ: ಕೊಲ್ಹಾರ.

ಗೆ,
ಮಶಾಕಸಾಬರು, ಯಾರೂ ಆರಿಸದ ಅಧ್ಯಕ್ಷರು,
ಹಾಗೂ ಎದ್ದು ಹೋಗದ ಸರ್ವ ಸದಸ್ಯರು,
ಬೇವಿನ ಕಟ್ಟೆ, ಬಸ್ ನಿಲ್ದಾಣದ ಎದುರು, ಕೊಲ್ಹಾರ.

ವಿಷಯ: ಅರ್ಜಿದಾರನ ಹೈಬ್ರಿಡ್ ಸೈಕಲ್ಲಿಗೆ ಅವನನ್ನು ಕೇಳದೆ ಜೋಡಿಸಿದ ಕ್ಯಾರಿಯರ್ ತೆಗೆಯುವ ಹಾಗೂ ಅವನನ್ನು ದಿನಕ್ಕೆ ಸ್ವಲ್ಪ ಹೊತ್ತು ಒಬ್ಬನನ್ನೇ ಬಿಡುವ ಕುರಿತು.

ಉಲ್ಲೇಖ:
೧) ಕಟ್ಟೆಯ ಮೌಖಿಕ ಠರಾವು (ಅರ್ಜಿದಾರನ ಗೈರುಹಾಜರಿಯಲ್ಲಿ ಪಾಸಾದದ್ದು).
೨) ಸಿಂದಗಿಯಿಂದ ತಂಗಿ ಹೊನ್ನವ್ವ ಅಳುತ್ತಾ ಮಾಡಿದ ಫೋನು.
೩) ಹೆಂಡತಿ ಜಯಮಾಲಾ ನೋಡಿದ ನೋಟ (ದಿನಾಂಕ ನಮೂದಿಸಿಲ್ಲ).

ಮಾನ್ಯರೇ,

ಮೇಲ್ಕಾಣಿಸಿದ ವಿಷಯದಲ್ಲಿ ತಮ್ಮ ಅವಗಾಹನೆಗೆ ತರುವುದೇನೆಂದರೆ, ಸದರಿ ಅರ್ಜಿದಾರನು ಈ ಊರಿನವರ ಪರವಾಗಿ ಪಿಂಚಣಿ, ಪಡಿತರ, ಪಂಪ್‌ಸೆಟ್ಟು, ಮುಳುಗಡೆ ಪರಿಹಾರ ಎಂದು ಬರೆದ ಅರ್ಜಿಗಳಿಗೆ ಲೆಕ್ಕವಿಲ್ಲ. ಎಲ್ಲವೂ ಬಿಟ್ಟಿ. ಚಹಾ ಕೊಡಿಸಿದವರೂ ಅರ್ಧ ಕಪ್ಪು ತಾವೇ ಕುಡಿದಿದ್ದಾರೆ. ‘ಇಂದ’ ಎಂಬುದರ ಕೆಳಗೆ ತನ್ನದೇ ಹೆಸರು ಬರೆಯುತ್ತಿರುವುದು ಅರ್ಜಿದಾರನಿಗೆ ಇದೇ ಮೊದಲು. ಕಾರಣ, ಅಕ್ಷರ ಓರೆಯಾಗಿದ್ದಲ್ಲಿ ಮನ್ನಿಸತಕ್ಕದ್ದು.

೧. ಅರ್ಜಿದಾರನ ಬಳಿ ಮೋಟಾರ್ ಸೈಕಲ್ ಇದೆ, ಸುಸ್ಥಿತಿಯಲ್ಲಿದೆ. ಆದರೆ ಕೊಲ್ಹಾರದಿಂದ ಹೊರಡುವ ಯಾವ ಗಾಡಿಯ ಹಿಂದಿನ ಸೀಟೂ ಖಾಲಿ ಹೋಗಬಾರದೆಂಬುದು ಈ ಕಟ್ಟೆಯ ರಿವಾಜು. ಕಿಕ್ ಹೊಡೆಯುವಷ್ಟರಲ್ಲಿ ಯಾರೋ ಒಬ್ಬರು ಹಿಂದೆ ಕುಳಿತಿರುತ್ತಾರೆ. ಕುಳಿತವರು ಕಿವಿಗೆ ಬಾಯಿ ಹಚ್ಚಿ ತಮ್ಮ ಅರ್ಜಿಯ ಕಥೆಯನ್ನು ಕಚೇರಿ ಬರುವವರೆಗೂ ಹೇಳುತ್ತಾರೆ. ಕಚೇರಿಯಲ್ಲಿ ಸಾಹೇಬರು ಹೇಳುತ್ತಾರೆ. ಮನೆಯಲ್ಲಿ ಟಿವಿ ಹೇಳುತ್ತದೆ. ಹೀಗಾಗಿ ತನ್ನ ತಲೆಯೊಳಗೆ ಏನಿದೆಯೆಂದು ನೋಡಲು ಅರ್ಜಿದಾರನಿಗೆ ಇದುವರೆಗೂ ಪುರಸೊತ್ತು ದೊರೆತಿರಲಿಲ್ಲ.

೨. ಆದ್ದರಿಂದ ಅರ್ಜಿದಾರನು ಬಸವನ ಬಾಗೇವಾಡಿಗೆ ಹೋಗಿ ಸೈಕಲ್ ಅಂಗಡಿಯ ಯುನೂಸನನ್ನು ಕಂಡನು. ವಾರವೆಲ್ಲ ಕಚೇರಿಗೆ ಹೋಗಲು, ರವಿವಾರ ಸುಮ್ಮನೆ ಅಡ್ಡಾಡಲು ಒಂದು ಸೈಕಲ್ ಬೇಕೆಂದನು. ಯುನೂಸ ಸಾಲಾಗಿ ತೋರಿಸಿದ.

“ಈ ಕರೀದು ನಮ್ಮಪ್ಪನ ಕಾಲದ್ದ್ರಿ, ತುಳಿಯೂದ್ರಾಗ ಹೆಣಾ ಬೀಳ್ತೈತಿ. ಆ ದಪ್ಪ ಟೈರಿಂದು ಗುಡ್ಡಾ ಹತ್ತಾಕ. ನಿಮ್ಮ ಕೊಲ್ಹಾರದಾಗ ಗುಡ್ಡಾ ಎಲ್ಲಿ ತರ್ತೀರಿ? ಇದು ರೇಸಿಂದು, ಡಾಂಬರ್ ಮ್ಯಾಲ ಹಾರತೈತಿ ಖರೆ, ಎರಿ ಮಣ್ಣಿನ ಹೊಲದ ದಾರಿಗಿ ಇಳದ್ರ ಅಲ್ಲೇ ಕುಂಡ್ರತೈತಿ. ಮ್ಯಾಲ ಬಗ್ಗಿ ಹೊಡೀಬೇಕು, ನಿಮ್ಮ ನಡಾ ಕೇಳೂದಿಲ್ರಿ.”

ಕಡೆಗೆ ಗೋಡೆಗೆ ಆನಿಸಿದ್ದ ನೀಲಿ ಸೈಕಲ್ಲಿನ ಮೇಲೆ ಕೈಯಿಟ್ಟ. “ಇದು ಹೈಬ್ರಿಡ್ ಅಂತ್ರಿ. ಟೈರ್ ಭಾಳ ದಪ್ಪೂ ಅಲ್ಲ, ಭಾಳ ಸಣ್ಣೂ ಅಲ್ಲ. ಸಾಹೇಬ್ರಂಗ ನೆಟ್ಟಗ ಕುಂತು ಹೋಗ್ರಿ. ಎದುರುಗಾಳಿ ಬಂದ್ರ ಗೇರ್ ಅದಾವು. ಒಂದ ಕಮ್ಮಿ ಅಂದ್ರ ಕ್ಯಾರಿಯರ್ ಬರೂದಿಲ್ರಿ.”

ಅರ್ಜಿದಾರನು ಈ ಕೊನೆಯ ಮಾತನ್ನು ಇನ್ನೊಮ್ಮೆ ಹೇಳಿಸಿ ಖಚಿತಪಡಿಸಿಕೊಂಡು, ಬ್ರೇಕು ಇದೆಯೋ ಇಲ್ಲವೋ ನೋಡದೆ, ಸದರಿ ಸೈಕಲ್ಲನ್ನು ಆರಿಸಿದನು.

೩. ಸೈಕಲ್ ಊರಿಗೆ ಬಂದ ದಿನ ಅಧ್ಯಕ್ಷರು ಅದರ ಸುತ್ತ ಒಂದು ಸುತ್ತು ಹಾಕಿ, “ಹೈಬ್ರಿಡ್ ಜ್ವಾಳ ತಿಂದ ನೋಡೇವಿ, ರೊಟ್ಟಿ ಗಂಟಲ್ದಾಗ ಇಳಿಯೂದಿಲ್ಲ. ಇನ್ನ ಸೈಕಲ್ ಏನ್ ಉದ್ಧಾರ ಆಗತೈತಿ” ಎಂದದ್ದು ದಾಖಲೆಯಲ್ಲಿದೆ. ಅರ್ಜಿದಾರನ ತಕರಾರು ಇಲ್ಲ.

೪. ಮೊದಲ ದಿನ ಅರ್ಜಿದಾರನು ಒಬ್ಬನೇ ಕಚೇರಿಗೆ ಹೋದನು. ದಾರಿಯ ಎರಡೂ ಕಡೆ ಕಡಲೆ ಹೊಲ. ಕಾಲುವೆಯಲ್ಲಿ ನೀರು ಬಿಟ್ಟಿದ್ದರು. ಅದರ ಸಪ್ಪಳ ಅವನಿಗೆ ಕೇಳಿಸಿತು. ಕಾಲುವೆ ಕಚೇರಿಯಲ್ಲಿ ಇಷ್ಟು ವರ್ಷ ನೌಕರಿ ಮಾಡಿಯೂ ನೀರಿಗೆ ಸಪ್ಪಳವಿರುವುದು ಅವನ ಗಮನಕ್ಕೆ ಬಂದಿರಲಿಲ್ಲ. ಅವನಿಗೆ ಬಹಳ ಖುಷಿಯಾಯಿತು. ಈ ಮಾತನ್ನು ಸರಕಾರಿ ಭಾಷೆಯಲ್ಲಿ ಬರೆಯಲು ಪ್ರಯತ್ನಿಸಿ ಕೈಬಿಡಲಾಗಿದೆ.

೫. ನಂತರ ರವಿವಾರ ಬಂತು. ಅರ್ಜಿದಾರನು ಮುಂಜಾನೆ ಕೃಷ್ಣೆಯ ಸೇತುವೆಯ ನಡುಮಧ್ಯಕ್ಕೆ ಹೋಗಿ, ಸೈಕಲ್ಲನ್ನು ಕಟಾಂಜನದ ಕಂಬಿಗೆ ಆನಿಸಿ, ಪೆಡಲ್ ತುಳಿದು ಕಾಲು ಕಾದಿದ್ದರಿಂದ ಚಪ್ಪಲಿ ಕಳೆದು ಪಕ್ಕಕ್ಕೆ ಜೋಡಿಸಿಟ್ಟು, ಹಿನ್ನೀರು ನೋಡುತ್ತಾ ನಿಂತನು. ಮೀನು ಹೇರಿಕೊಂಡು ಹೊರಟಿದ್ದ ನಮ್ಮೂರ ಹುಡುಗ ಮುಬಿನ ತನ್ನ ಟೆಂಪೋ ನಿಲ್ಲಿಸಿದ. ನಡೆದ ಸಂಭಾಷಣೆಯ ಯಥಾಪ್ರತಿ ಹೀಗಿದೆ:

“ಕಾಕಾ, ಇಲ್ಲ್ಯಾಕ ನಿಂತೀರಿ?”
“ಸುಮ್ನ.”
“ಮನ್ಯಾಗ ಹೇಳಿ ಬಂದೀರೇನ್ರಿ?”
“ಇಲ್ಲಪ.”
“ಏನರ ಜಗಳ ಆಗೇತೇನ್ರಿ?”
“ಯಾತರ ಜಗಳಾನೂ ಇಲ್ಲ. ಎಲ್ಲಾರ ಮಾತು ಕೇಳಿ ಕೇಳಿ ಸಾಕಾಗಿತ್ತು, ಅದಕ್ಕ ಬಂದೆ.”

ಅರ್ಜಿದಾರನು ಹೇಳಿದ್ದೆಲ್ಲವೂ ಸತ್ಯ. ತಪ್ಪಾದದ್ದೇ ಅಲ್ಲಿ.

೬. ಅರ್ಜಿದಾರನು ಮನೆ ಮುಟ್ಟುವ ಮೊದಲೇ ಸುದ್ದಿ ಮುಟ್ಟಿತ್ತು. ರಾಚಪ್ಪ ಹೊಳೆಗೆ ಹಾರಲು ಹೋಗಿದ್ದ, ಮುಬಿನ ಕೈ ಹಿಡಿದು ಎಳೆದ, ಎಂದು ಕಟ್ಟೆಯ ಮೇಲೆ ತೀರ್ಮಾನವಾಗಿತ್ತು. ಸಿಂದಗಿಯ ತಂಗಿ ಫೋನಿನಲ್ಲಿ ಅತ್ತಳು. ಮುದ್ದೇಬಿಹಾಳದ ಅಳಿಯ ರಜೆ ಹಾಕಿ ಬಂದು, ಏನೂ ಕೇಳದೆ, ಊಟ ಮಾಡಿ ಹೋದ. ಇಂಡಿಯ ಮಾವನವರು ಒಂದು ಚೀಲ ಲಿಂಬೆಹಣ್ಣು ಕಳಿಸಿದರು. ಪಿತ್ತ ನೆತ್ತಿಗೇರಿದ್ದರೆ ಇಳಿಯುತ್ತದಂತೆ.

ಜಯಮಾಲಾ ಮಾತ್ರ ರೊಟ್ಟಿ ಬಡಿಯುತ್ತಿದ್ದವಳು ಕೈ ನಿಲ್ಲಿಸಿ, ಉಲ್ಲೇಖ ೩ರ ನೋಟ ನೋಡಿ, “ನಾ ಏನ್ ಕಮ್ಮಿ ಮಾಡೇನಿ, ಅದನ್ನರ ಹೇಳ್ರಿ” ಎಂದಳು. ಏನೂ ಕಮ್ಮಿಯಿಲ್ಲ ಎಂದು ಎಷ್ಟು ಹೇಳಿದರೂ ಅದು ಸಾಯಲು ಹೊರಟವನ ಮಾತಿನಂತೆಯೇ ಕೇಳಿಸಿತು.

೭. ಸೋಮವಾರ ಅರ್ಜಿದಾರನು ಕಚೇರಿಯೊಳಗಿದ್ದಾಗ ಕಟ್ಟೆಯ ನಿಯೋಗವೊಂದು ಯುನೂಸನನ್ನು ಕರೆತಂದು, ಹೊರಗೆ ನಿಲ್ಲಿಸಿದ್ದ ಸೈಕಲ್ಲಿಗೆ ಕ್ಯಾರಿಯರ್ ಬಿಗಿಸಿತು. ಅವನನ್ನು ಒಬ್ಬನನ್ನೇ ಬಿಡಬಾರದು, ಪಾಳಿಯ ಮೇಲೆ ಒಬ್ಬೊಬ್ಬರು ಹಿಂದೆ ಕೂರಬೇಕು ಎಂಬುದೇ ಉಲ್ಲೇಖಿತ ಠರಾವು. ಕೇಳಿದ್ದಕ್ಕೆ ಯುನೂಸ, “ಊರಿಗಿ ಊರ ಬಂದ ನಿಂತ್ರ ನಾ ಏನ್ ಮಾಡ್ಲಿರಿ” ಎಂದ.

ಮೊದಲ ಪಾಳಿ ಅಧ್ಯಕ್ಷರದು. ಸದರಿಯವರ ದೇಹದ ತೂಕದ ಬಗ್ಗೆ ಅರ್ಜಿದಾರನು ಇಲ್ಲಿ ಏನನ್ನೂ ಬರೆಯುವುದಿಲ್ಲ. ಅವರು ಕಾಲುವೆಯ ಹತ್ತಿರ ಬಂದಾಗ ಹಿಂದಿನಿಂದ ಅಂಗಿ ಹಿಡಿದುಕೊಂಡು, “ರಾಚಪ್ಪ, ನೀ ಹೋದ್ರ ನಮ್ಮ ಅರ್ಜಿ ಯಾರ್ ಬರೀತಾರೋ” ಎಂದರು. ಇದು ಪ್ರೀತಿಯೋ ಸ್ವಂತದ ಚಿಂತೆಯೋ ಎಂದು ಅರ್ಜಿದಾರನು ವಿಂಗಡಿಸಲು ಹೋಗಲಿಲ್ಲ. ಎರಡೂ ಒಂದೇ ಕ್ಯಾರಿಯರ್ ಮೇಲೆ ಕುಳಿತಿದ್ದವು, ಎರಡೂ ಭಾರವಿದ್ದವು.

ಮರುದಿನದ ಪಾಳಿಗೆ ಮೊಸರು ಮಾರುವ ಚಂದವ್ವ ಗಡಿಗೆ ಸಮೇತ ಹತ್ತಿದಳು. ಮೊಸರು ಅರ್ಜಿದಾರನ ಬೆನ್ನಿನ ಮೇಲೆ ಕಚೇರಿ ತಲುಪಿತು.

೮. ಕಾರಣ, ಅರ್ಜಿದಾರನು ಸ್ವಸ್ಥ ಮನಸ್ಸಿನಿಂದ ಘೋಷಿಸುವುದೇನೆಂದರೆ, ಅವನಿಗೆ ಸಾಯುವ ಇರಾದೆ ಇಲ್ಲ. ಒಬ್ಬನೇ ಇರುವುದು ಬೇರೆ, ಇಲ್ಲದೇ ಹೋಗುವುದು ಬೇರೆ. ಇದನ್ನು ಜಯಮಾಲಾಳಿಗೆ ತಿಳಿಸಿ ಹೇಳಲು ನಿನ್ನೆ ಸಂಜೆ ಅವಳನ್ನು ಸೈಕಲ್ಲಿನ ಸೀಟಿನ ಮೇಲೆ ಕೂರಿಸಿ, ಹಿಂದಿನಿಂದ ಹಿಡಿದು, ಓಣಿಯ ತುದಿಯವರೆಗೆ ನೂಕಲಾಯಿತು. ಅವಳು ಇಳಿದು, ಸೆರಗು ಸರಿಮಾಡಿಕೊಂಡು, “ಇನ್ನೊಮ್ಮೆ ಬಿಡ್ರಿ, ಈ ಸಲ ಹಿಡೀಬ್ಯಾಡ್ರಿ” ಎಂದಳು. ಅವಳ ಕಡೆಯಿಂದ ಇನ್ನು ಆಕ್ಷೇಪಣೆ ಇಲ್ಲ.

ಆದ್ದರಿಂದ ಪ್ರಾರ್ಥನೆ:

(ಅ) ಸದರಿ ಕ್ಯಾರಿಯರನ್ನು ಹಿಂಪಡೆಯುವುದು.
(ಆ) ಪಾಳಿ ಪದ್ಧತಿಯನ್ನು ರದ್ದುಪಡಿಸುವುದು. ಅರ್ಜಿಗಳನ್ನು ಇನ್ನು ಮುಂದೆ ಸಂಜೆ ಕಟ್ಟೆಯ ಮೇಲೆಯೇ ಬರೆದುಕೊಡಲಾಗುವುದು. ಚಹಾ ಪೂರ್ತಿ ಕಪ್ಪಿರತಕ್ಕದ್ದು.
(ಇ) ಆಕ್ಷೇಪಣೆಗಳಿದ್ದಲ್ಲಿ ಲಿಖಿತವಾಗಿ ಸಲ್ಲಿಸುವುದು. ಬರೆದುಕೊಡೆಂದು ಅರ್ಜಿದಾರನ ಬಳಿಗೆ ಬರಬಾರದು.

ತಮ್ಮೆಲ್ಲರ ನಡುವೆಯೇ ಇರಬಯಸುವ,
ಆದರೆ ಎಲ್ಲ ಹೊತ್ತೂ ಅಲ್ಲದ, ತಮ್ಮ ವಿಶ್ವಾಸಿ,
(ಸಹಿ) ರಾಚಪ್ಪ ಮ. ಹತ್ತಳ್ಳಿ

ಲಗತ್ತುಗಳು:
೧. ಕ್ಯಾರಿಯರ್, ಬಿಚ್ಚಿದ್ದು, ನಟ್ಟು-ಬೋಲ್ಟು ಸಹಿತ.
೨. ಲಿಂಬೆಹಣ್ಣು, ಅರ್ಧ ಚೀಲ. ಕಟ್ಟೆಯವರ ಪಿತ್ತಕ್ಕೆ.

ವಿಶೇಷ ಸೂಚನೆ: ಬರುವ ರವಿವಾರ ಮುಂಜಾನೆ ಅರ್ಜಿದಾರನು ಸೇತುವೆಯ ಮೇಲೆ ಇರುತ್ತಾನೆ. ಕಾವಲು ಕಾಯಲೇಬೇಕೆನ್ನುವವರು ಸೇತುವೆಯ ಆಚೆ ತುದಿಯಲ್ಲಿ ನಿಲ್ಲಬಹುದು. ಅವರನ್ನು ಕಂಡು ಅರ್ಜಿದಾರನು ಕೈ ಬೀಸುವ ಸಂಭವವಿದೆ. ಅದು ಸಂತೋಷದಿಂದ ಬೀಸಿದ್ದು. ದಯವಿಟ್ಟು ಯಾರೂ ಓಡಿ ಬಂದು ಹಿಡಿಯಬಾರದಾಗಿ ವಿನಂತಿ.